ಹಗಲು ಮೂವತ್ತು, ನಸುಕಿಗೆ ಹನ್ನೊಂದು: ವಿಜಯಪುರದ ಚಳಿಯಲ್ಲಿ ಸಾಕುಹಕ್ಕಿಗಳನ್ನು ಬೆಚ್ಚಗಿಡುವ ಸಮಗ್ರ ಮಾರ್ಗದರ್ಶಿ

ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವ ಹೊತ್ತಿಗೆ ವಿಜಯಪುರದ ಚಳಿ ತನ್ನ ನಿಜವಾದ ರೂಪವನ್ನು ತೋರಿಸತೊಡಗಿರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಅಂಗಿಯ ತೋಳು ಮಡಚುವಷ್ಟು ಬಿಸಿಲಿದ್ದು ತಾಪಮಾನ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಮರುದಿನ ನಸುಕಿನಲ್ಲಿ ಅದು 11–12ಕ್ಕೆ ಇಳಿದಿರುತ್ತದೆ, ಕೆಲವು ವರ್ಷ 10ಕ್ಕಿಂತಲೂ ಕೆಳಗೆ ಜಾರುತ್ತದೆ. ಹಿಮ ಬೀಳುವ ಊರಿನವರಿಗೆ ಇದು ಚಳಿಯೇ ಅಲ್ಲ ಎನಿಸಬಹುದು. ಆದರೆ ಪಂಜರದಲ್ಲಿರುವ ಹಕ್ಕಿಗೆ ತೊಂದರೆ ಕೊಡುವುದು 11 ಎಂಬ ಅಂಕಿಗಿಂತ ಹೆಚ್ಚಾಗಿ, ಹದಿನಾರು–ಹದಿನೇಳು ಗಂಟೆಗಳೊಳಗೆ ಆಗುವ ಸುಮಾರು 18 ಡಿಗ್ರಿಯ ಈ ಇಳಿತ ಮತ್ತು ಅದರೊಂದಿಗೆ ಬೀಸುವ ಒಣ ಮೂಡಗಾಳಿ. ಆದ್ದರಿಂದ ನಮ್ಮ ಭಾಗದಲ್ಲಿ ಹಕ್ಕಿಯನ್ನು ಬೆಚ್ಚಗಿಡುವುದೆಂದರೆ ಪಂಜರವನ್ನು ಕಾಯಿಸುವುದಲ್ಲ, ಹಗಲಿನ ಬಿಸುಪು ರಾತ್ರಿ ಬೇಗನೆ ಆರಿಹೋಗದಂತೆ ತಡೆಯುವುದು. ಹೀಟರ್ ಕೊಳ್ಳಲು ಪೇಟೆಗೆ ಹೋಗುವ ಮೊದಲು ಈ ವ್ಯತ್ಯಾಸವನ್ನು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಹಕ್ಕಿಯೂ ಉಳಿಯುತ್ತದೆ.

ನಮ್ಮಲ್ಲಿ ಎಲ್ಲರೂ ‘ಲವ್ ಬರ್ಡ್ಸ್’ ಎಂದು ಕರೆಯುವ ಹಕ್ಕಿಗಳು ಬಹುಮಟ್ಟಿಗೆ ಆಸ್ಟ್ರೇಲಿಯಾ ಮೂಲದ ಬಡ್ಜರಿಗಾರ್‌ಗಳು. ನಿಜವಾದ ಲವ್ ಬರ್ಡ್‌ಗಳು ಆಫ್ರಿಕಾದವು. ಗಾತ್ರದಲ್ಲಿ ತುಸು ದಪ್ಪ, ಬಾಲ ಮೋಟು. ಇವುಗಳ ಜೊತೆಗೆ ಕಾಕಟೀಲ್, ಜೀಬ್ರಾ ಫಿಂಚ್, ಜಾವಾ ಗುಬ್ಬಿ, ಅಲ್ಲಲ್ಲಿ ಗೌಲ್ಡಿಯನ್ ಫಿಂಚ್ ಹಕ್ಕಿಗಳನ್ನು ಸಾಕುವವರಿದ್ದಾರೆ. ಈ ಬರಹ ಇವುಗಳನ್ನು ಕುರಿತದ್ದು. ನಮ್ಮ ನಾಡಿನ ಹಸಿರು ಗಿಳಿ, ಮುನಿಯಾ ಮೊದಲಾದ ಕಾಡುಹಕ್ಕಿಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾದುದರಿಂದ ಅವುಗಳ ಮಾತು ಇಲ್ಲಿ ಬರುವುದಿಲ್ಲ.

ಹಕ್ಕಿ ತಾನೇ ಹೇಗೆ ಬೆಚ್ಚಗಿರುತ್ತದೆ

ಹಕ್ಕಿಯ ಮೈಬಿಸಿ ಸುಮಾರು 40ರಿಂದ 42 ಡಿಗ್ರಿ. ಮನುಷ್ಯನಿಗೆ ಅದು ಜ್ವರ, ಹಕ್ಕಿಗೆ ಸಹಜ ಸ್ಥಿತಿ. ಒಂದು ಬಡ್ಜರಿಗಾರ್ ತೂಗುವುದು 30–40 ಗ್ರಾಂ ಮಾತ್ರ. ಕೊಡದಲ್ಲಿರುವ ಬಿಸಿನೀರು ಗಂಟೆಗಟ್ಟಲೆ ಬಿಸಿಯಾಗಿದ್ದರೂ ಬಸಿಗೆ ಸುರಿದ ಚಹಾ ಕ್ಷಣದಲ್ಲಿ ಆರುವಂತೆ, ಮೈ ಚಿಕ್ಕದಾದಷ್ಟೂ ಬಿಸುಪು ಬೇಗ ಸೋರಿಹೋಗುತ್ತದೆ. ಈ ಸೋರಿಕೆಯನ್ನು ತಡೆಯಲು ಹಕ್ಕಿಗಿರುವ ಸಾಧನ ಅದರ ಪುಕ್ಕ. ಮೈ ಉಬ್ಬಿಸಿಕೊಂಡಾಗ ಮೇಲಿನ ಗರಿಗಳ ಕೆಳಗಿರುವ ಮೃದು ತುಪ್ಪುಳಿನ ನಡುವೆ ಗಾಳಿಯ ಪದರವೊಂದು ನಿಲ್ಲುತ್ತದೆ. ಬೆಚ್ಚಗಿಡುವುದು ನಿಜವಾಗಿ ಆ ನಿಂತ ಗಾಳಿಯೇ. ಒಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಳ್ಳುವುದು, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸುವುದು ಕೂಡ ಗರಿಯಿಲ್ಲದ ಭಾಗಗಳನ್ನು ಕಾಪಾಡುವ ಕ್ರಮಗಳು.

ಇದರಿಂದ ಹಕ್ಕಿ ಸಾಕುವವನು ಕಲಿಯಬೇಕಾದದ್ದು ಮೂರು. ಬೀಸುಗಾಳಿ ಪುಕ್ಕಗಳ ನಡುವಿನ ಪದರವನ್ನು ಕದಡುವುದರಿಂದ, ಗಾಳಿಯಾಡುವ 16 ಡಿಗ್ರಿಯ ಜಾಗಕ್ಕಿಂತ ಗಾಳಿ ತಡೆದ 12 ಡಿಗ್ರಿಯ ಜಾಗವೇ ಹಕ್ಕಿಗೆ ಹಿತವಾಗಬಹುದು. ಒದ್ದೆಯಾದ ಪುಕ್ಕ ಗಾಳಿಯನ್ನು ಹಿಡಿದಿಡಲಾರದಾದ್ದರಿಂದ ಸಂಜೆಯ ಸ್ನಾನ ಅಪಾಯಕಾರಿ. ಮೈಬಿಸಿ ಹುಟ್ಟುವುದು ತಿಂದ ಕಾಳಿನಿಂದಲೇ ಆದ್ದರಿಂದ ಹಸಿದ ಹೊಟ್ಟೆಯಲ್ಲಿ ಮಲಗಿದ ಹಕ್ಕಿ ನಸುಕಿನವರೆಗೆ ತಡೆಯಲಾರದು.

ಮೊದಲ ಹಂತ: ಅಳೆಯುವುದು

ದೀಪಾವಳಿಗೆ ಮುಂಚೆಯೇ ಕನಿಷ್ಠ–ಗರಿಷ್ಠ ತಾಪಮಾನವನ್ನು ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತಂದು, ಹಕ್ಕಿ ಮಲಗುವ ಕೋಲಿನ ಎತ್ತರದಲ್ಲಿ, ಪಂಜರದ ಹೊರಮೈಗೆ ಕಟ್ಟಬೇಕು. ತೇವಾಂಶವನ್ನೂ ತೋರಿಸುವ ಸಾಧನವಾದರೆ ಇನ್ನೂ ಒಳ್ಳೆಯದು. ನಾವು ಮಲಗುವಾಗಿನ ಚಳಿಯನ್ನು ನೋಡಿ ಅಂದಾಜು ಮಾಡುವುದು ತಪ್ಪು; ದಿನದ ಅತಿ ಕಡಿಮೆ ತಾಪಮಾನ ಸೂರ್ಯ ಮೂಡುವ ಸುಮಾರಿಗೆ ಬರುತ್ತದೆ, ಆಗ ನಮ್ಮಲ್ಲಿ ಹೆಚ್ಚಿನವರು ಹೊದಿಕೆಯೊಳಗಿರುತ್ತೇವೆ. ಒಂದು ವಾರ ಬೆಳಿಗ್ಗೆ ಎದ್ದು ಕನಿಷ್ಠ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಮನೆಯ ಸ್ವಭಾವ ತಿಳಿಯುತ್ತದೆ.

ನಾನು ಪಾಲಿಸುವ ಲೆಕ್ಕ ಹೀಗಿದೆ: ಆರೋಗ್ಯವಾಗಿರುವ, ಕ್ರಮೇಣ ಚಳಿಗೆ ಒಗ್ಗಿದ ಬಡ್ಜರಿಗಾರ್ ಮತ್ತು ಕಾಕಟೀಲ್‌ಗಳಿಗೆ, ಗಾಳಿ ಮತ್ತು ತೇವವಿಲ್ಲದ ಜಾಗದಲ್ಲಿ, ರಾತ್ರಿ 12 ಡಿಗ್ರಿಯವರೆಗೆ ಹೊದಿಕೆಯೇ ಸಾಕು. ಈ ಹಕ್ಕಿಗಳ ಪೂರ್ವಜರು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನವರು. ಹಗಲು ಬಿಸಿ, ರಾತ್ರಿ ತಂಪು ಅವಕ್ಕೆ ಹೊಸದಲ್ಲ. ಫಿಂಚ್‌ಗಳು ಹತ್ತು–ಹದಿನೈದು ಗ್ರಾಂ ತೂಕದ ಜೀವಗಳಾದ್ದರಿಂದ ಅವುಗಳ ಬಳಿ 15ಕ್ಕಿಂತ ಇಳಿಯಲು ಬಿಡುವುದಿಲ್ಲ. ಗೌಲ್ಡಿಯನ್‌ಗಳು ಉಷ್ಣವಲಯದವು, ಅವಕ್ಕೆ 18 ಬೇಕು. ಮರಿ, ಮುದಿ, ರೋಗದಿಂದ ಚೇತರಿಸಿಕೊಳ್ಳುತ್ತಿರುವ, ಗರಿ ಉದುರಿಸುತ್ತಿರುವ ಹಾಗೂ ಇದೇ ತಿಂಗಳು ಅಂಗಡಿಯಿಂದ ತಂದ ಹಕ್ಕಿಗಳನ್ನು, ಜಾತಿ ಯಾವುದೇ ಇರಲಿ, ಫಿಂಚ್‌ಗಳ ಸಾಲಿನಲ್ಲೇ ಇಡಬೇಕು.

ಎರಡನೆಯ ಹಂತ: ಜಾಗ ಮತ್ತು ಗಾಳಿ

ಇಡೀ ಕೆಲಸದ ಅರ್ಧಭಾಗ ಇಲ್ಲಿಯೇ ಮುಗಿಯುತ್ತದೆ. ಹಳೆಯ ಮೇಲ್ಮುದ್ದೆ (ಮಣ್ಣಿನ ಚಾವಣಿಯ) ಮನೆಗಳ ದಪ್ಪ ಗೋಡೆಗಳು ಹಗಲಿನ ಬಿಸಿಯನ್ನು ಹೀರಿಕೊಂಡು ರಾತ್ರಿಯಿಡೀ ಮೆಲ್ಲಗೆ ಬಿಟ್ಟುಕೊಡುವುದರಿಂದ ಪಡಸಾಲೆಯ ಒಳಮೂಲೆಯೇ ಹಕ್ಕಿಗೆ ಉತ್ತಮ ಸ್ಥಳ. ಬಡಾವಣೆಗಳ ತೆಳು ಗೋಡೆಯ ಆರ್‌ಸಿಸಿ ಮನೆಗಳಲ್ಲಿ ಹೊರಗೋಡೆಗೆ ತಾಗಿಸದೆ, ಎರಡು ಕೋಣೆಗಳ ನಡುವಿನ ಗೋಡೆಗೆ ಪಂಜರವನ್ನು ಹೊಂದಿಸಬೇಕು. ಪರಸಿ ಕಲ್ಲು ಹಾಸಿದ ನೆಲ ರಾತ್ರಿ ಹಿಮದಂತೆ ಕೊರೆಯುತ್ತದೆ, ಮೇಲಾಗಿ ತಣ್ಣನೆಯ ಗಾಳಿ ಭಾರವಾಗಿ ಕೆಳಗೇ ನಿಲ್ಲುತ್ತದೆ. ಆದ್ದರಿಂದ ಪಂಜರ ನಮ್ಮ ಎದೆಯ ಎತ್ತರದಲ್ಲಿರಲಿ. ಬೆಳಕಿಂಡಿಯ ಕೆಳಗೆ, ಬಾಗಿಲಿಗೆ ಎದುರಾಗಿ, ಮೂಡಣ ಕಿಟಕಿಯ ಪಕ್ಕದಲ್ಲಿ ಇಡಬಾರದು.

ಅಡುಗೆಮನೆ ಬೆಚ್ಚಗಿರುತ್ತದೆಯೆಂದು ಅಲ್ಲಿಗೆ ಒಯ್ಯುವವರಿದ್ದಾರೆ. ಇದು ದೊಡ್ಡ ತಪ್ಪು. ನಾನ್‌ಸ್ಟಿಕ್ ಹಂಚು ಒಲೆಯ ಮೇಲೆ ಅತಿಯಾಗಿ ಕಾದರೆ ಅದರ ಲೇಪನದಿಂದ ಹೊರಡುವ ಹೊಗೆ, ನಮ್ಮ ಮೂಗಿಗೆ ಗೊತ್ತಾಗುವ ಮೊದಲೇ, ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಹಕ್ಕಿಯ ಮೈಯಲ್ಲಿ ಪುಪ್ಪುಸಗಳ ಜೊತೆಗೆ ಗಾಳಿಚೀಲಗಳೂ ಇರುವುದರಿಂದ ಅದರ ಉಸಿರಾಟ ನಮ್ಮದಕ್ಕಿಂತ ಬಹಳ ಚುರುಕು. ಗಾಳಿಯಲ್ಲಿರುವ ವಿಷವನ್ನೂ ಅಷ್ಟೇ ಚುರುಕಾಗಿ ಒಳಗೆಳೆದುಕೊಳ್ಳುತ್ತದೆ.

ಬೀಸುಗಾಳಿಯನ್ನು ಕಂಡುಹಿಡಿಯಲು ಊದುಬತ್ತಿಯ ಹೊಗೆ ಬೇಕಾಗಿಲ್ಲ. ಪಂಜರದ ತಳದಲ್ಲಿ ಬಿದ್ದ ಒಂದು ತುಪ್ಪುಳು ಗರಿಯನ್ನು ತೆಳುವಾದ ದಾರಕ್ಕೆ ಕಟ್ಟಿ, ಮಲಗುವ ಕೋಲಿನ ಎತ್ತರದಲ್ಲಿ ಪಂಜರದ ಹೊರಗೆ ತೂಗುಬಿಟ್ಟು, ನಸುಕಿನಲ್ಲೊಮ್ಮೆ ಎದ್ದು ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ಸಾಕು. ಅದು ಸುಮ್ಮನೆ ನಿಂತಿದ್ದರೆ ಜಾಗ ಸರಿಯಾಗಿದೆ. ಒಂದೇ ದಿಕ್ಕಿಗೆ ವಾಲುತ್ತಿದ್ದರೆ ಆ ದಿಕ್ಕಿನ ಎದುರಿನಲ್ಲೊಂದು ಸಂದು ಇದೆಯೆಂದರ್ಥ. ಬಾಗಿಲಡಿಯ ಸಂದಿಗೆ ಹಳೆಯ ಸೀರೆಯನ್ನು ಸುರುಳಿ ಸುತ್ತಿ ಇಡಬಹುದು.

ಮಾಳಿಗೆಯ ಮೇಲೆ ಪತ್ರಾಸಿನ ಶೆಡ್ ಹಾಕಿ ಹತ್ತಾರು ಜೋಡಿ ಸಾಕುವವರ ಕಷ್ಟ ಬೇರೆ. ತಗಡು ಹಗಲು ಕಾದು ರಾತ್ರಿ ಬಯಲಿಗಿಂತಲೂ ಬೇಗ ತಣಿಯುತ್ತದೆ. ಆಲಮಟ್ಟಿ ಹಿನ್ನೀರಿನ ಅಂಚಿನ ಬಾಗಲಕೋಟೆಯ ಕಡೆ ಮಂಜು ಕವಿದ ದಿನಗಳಲ್ಲಿ ತಗಡಿನ ಒಳಮೈಯಿಂದ ನೀರು ತೊಟ್ಟಿಕ್ಕುವುದೂ ಉಂಟು. ಇಂಥ ಕಡೆ ತಗಡಿನ ಕೆಳಗೆ ಗೇಣಿನಷ್ಟು ಅಂತರ ಬಿಟ್ಟು ಬಿದಿರಿನ ತಟ್ಟಿ ಅಥವಾ ಥರ್ಮೊಕೋಲ್ ಹಾಳೆಯ ಒಳಚಾವಣಿ ಕಟ್ಟಿ, ಹಕ್ಕಿಗಳು ಥರ್ಮೊಕೋಲನ್ನು ಕುಟುಕದಂತೆ ಜಾಳಿಗೆ ಹಾಕಬೇಕು. ಮೂಡಣ ಮತ್ತು ಬಡಗಣ ಬದಿಗಳನ್ನು ಗೋಣಿತಟ್ಟಿನಿಂದ ಮುಚ್ಚಿ, ಪಡುವಣ ಬದಿಯ ಮೇಲ್ತುದಿಯಲ್ಲಿ ಗೇಣಗಲದ ಕಿಂಡಿಯೊಂದನ್ನು ಉಳಿಸಬೇಕು.

ಆ ಕಿಂಡಿಯನ್ನು ಉಳಿಸಲೇಬೇಕೆಂಬುದನ್ನು ನಾನು ಕಷ್ಟಪಟ್ಟು ಕಲಿತೆ. ಹಕ್ಕಿ ಸಾಕಿದ ಮೊದಲ ಚಳಿಗಾಲದಲ್ಲಿ ಪಂಜರವನ್ನು ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿ ಜಾಣತನ ಮಾಡಿದೆನೆಂದುಕೊಂಡಿದ್ದೆ. ಬೆಳಿಗ್ಗೆ ಹಾಳೆಯ ಒಳಮೈ ಬೆವರಿತ್ತು, ಹಿಕ್ಕೆಯ ಘಾಟು ಕಣ್ಣಿಗೆ ಹೊಡೆಯುತ್ತಿತ್ತು, ವಾರದೊಳಗೆ ಒಂದು ಹೆಣ್ಣಿನ ಮೂಗಿನ ಹೊಳ್ಳೆ ಒದ್ದೆಯಾಗಿ ಅದು ಸೀನತೊಡಗಿತು. ಚಳಿಯಿಂದ ಕಾಪಾಡಲು ಹೋಗಿ ನಾನು ಅದನ್ನು ತೇವಕ್ಕೂ ಅಮೋನಿಯಾ ಗಾಳಿಗೂ ಒಡ್ಡಿದ್ದೆ.

ಮೂರನೆಯ ಹಂತ: ಹೊದಿಕೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ವಸ್ತುವೊಂದಿದೆ: ಹಳೆಯ ಸೀರೆ–ಧೋತರಗಳನ್ನು ಪದರಪದರವಾಗಿ ಹೊಲಿದ ಕೌದಿ. ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಹತ್ತಿಯ ಬಟ್ಟೆಯಾದ್ದರಿಂದ ತೇವ ಹೊರಹೋಗುತ್ತದೆ. ಹಕ್ಕಿಯ ಪುಕ್ಕ ಮಾಡುವ ಕೆಲಸವನ್ನೇ ಕೌದಿಯೂ ಮಾಡುತ್ತದೆ. ಹಿಂಬದಿ, ಎರಡು ಪಕ್ಕ ಮತ್ತು ಮೇಲ್ಭಾಗವನ್ನು ಮುಚ್ಚಿ, ಮುಂಬದಿಯ ಕೆಳಗಿನ ಮೂರನೇ ಒಂದು ಭಾಗವನ್ನು ತೆರೆದಿಡಬೇಕು. ಹೊಲಿಗೆ ಬಿಚ್ಚಿದ ಕೌದಿ ಬೇಡ, ಸಡಿಲ ದಾರದಲ್ಲಿ ಹಕ್ಕಿಯ ಉಗುರು ಸಿಕ್ಕಿಕೊಂಡರೆ ಕಾಲು ಮುರಿಯುತ್ತದೆ. ಪಂಜರದ ಸರಳಿಗೂ ಬಟ್ಟೆಗೂ ನಡುವೆ ಎರಡು ಬೆರಳು ಅಂತರ ಬರುವಂತೆ ಕಡ್ಡಿ ಕಟ್ಟಿದರೆ ಹಕ್ಕಿಗಳು ಬಟ್ಟೆಯನ್ನು ಕಡಿಯಲಾರವು. ಕಂಬಳಿಯೂ ಬೆಚ್ಚಗಿರುತ್ತದೆ, ಆದರೆ ಉಣ್ಣೆಯ ಎಳೆ ಉದುರುವುದರಿಂದ ನನಗೆ ಕೌದಿಯೇ ಮೇಲು.

ಹೊದಿಸುವ ವೇಳೆಯ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ರಾತ್ರಿ ಹತ್ತಕ್ಕೆ, ಕೋಣೆ ತಣಿದ ಮೇಲೆ ಹೊದಿಸಿದರೆ ತಂಪನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ. ಸಂಜೆ ಆರರ ಸುಮಾರಿಗೆ, ಹಗಲಿನ ಬಿಸುಪು ಇನ್ನೂ ಉಳಿದಿರುವಾಗಲೇ ಕಿಟಕಿಗಳನ್ನು ಮುಚ್ಚಿ, ಹಕ್ಕಿಗಳು ಕೊನೆಯ ತುತ್ತು ತಿನ್ನಲು ಬಿಟ್ಟು, ಏಳರೊಳಗೆ ಹೊದಿಸಬೇಕು. ಬೆಳಿಗ್ಗೆ ಏಳೂವರೆಗೆ ಮೊದಲು ಮುಂಬದಿ, ಅರ್ಧ ಗಂಟೆಯ ಬಳಿಕ ಉಳಿದದ್ದು ಎಂಬಂತೆ ಎರಡು ಸಲಕ್ಕೆ ತೆಗೆದರೆ ಒಮ್ಮೆಲೇ ತಂಪು ತಗಲುವುದಿಲ್ಲ. ಹಕ್ಕಿಗೆ ಹೇಗೂ ಹತ್ತರಿಂದ ಹನ್ನೆರಡು ಗಂಟೆಗಳ ಕತ್ತಲಿನ ನಿದ್ದೆ ಬೇಕು.

ಕಾಕಟೀಲ್‌ಗಳಿಗೆ ಮಾತ್ರ ಸಂಪೂರ್ಣ ಕತ್ತಲೆ ಒಗ್ಗುವುದಿಲ್ಲ. ಹಠಾತ್ ಸದ್ದಿಗೆ ಬೆಚ್ಚಿ ಪಂಜರದೊಳಗೆ ಬಡಿದಾಡಿ ರೆಕ್ಕೆ ಮುರಿದುಕೊಳ್ಳುತ್ತವೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ ಅವುಗಳ ಕೋಣೆಯಲ್ಲಿ ಸಣ್ಣ ಬೆಡ್‌ಲ್ಯಾಂಪ್ ಉರಿಯುತ್ತಿರಲಿ, ಮನೆಯವರೊಬ್ಬರು ಅಲ್ಲೇ ಕುಳಿತು ಮಾತನಾಡುತ್ತಿರಲಿ.

ಕೂರುವ ಕೋಲಿನ ಮಾತನ್ನೂ ಇಲ್ಲೇ ಹೇಳಬೇಕು. ಕಬ್ಬಿಣದ ಸರಳು ಮತ್ತು ಪ್ಲಾಸ್ಟಿಕ್ ಕೊಳವೆಗಳನ್ನು ತೆಗೆದು, ಬೇವಿನ ಅಥವಾ ಪೇರಲದ ಟೊಂಗೆಗಳನ್ನು ತೊಳೆದು ಬಿಸಿಲಿಗೆ ಒಣಗಿಸಿ ಹಾಕಬೇಕು. ಬಡ್ಜರಿಗಾರ್‌ಗೆ ಒಂದರಿಂದ ಎರಡು ಸೆಂಟಿಮೀಟರ್ ದಪ್ಪವಿದ್ದರೆ, ಕುಳಿತಾಗ ಹೊಟ್ಟೆಯ ಪುಕ್ಕ ಬೆರಳುಗಳ ಮೇಲೆ ಇಳಿದು ಅವುಗಳನ್ನು ಮುಚ್ಚುತ್ತದೆ.

ನಾಲ್ಕನೆಯ ಹಂತ: ಶಾಖ ಬೇಕಾದವರಿಗೆ ಮಾತ್ರ

ಮೇಲಿನದೆಲ್ಲ ಮಾಡಿದ ನಂತರವೂ ನಸುಕಿನ ಅಂಕಿ ನಿಮ್ಮ ಹಕ್ಕಿಯ ಮಿತಿಗಿಂತ ಕೆಳಗಿದ್ದರೆ ಶಾಖ ಒದಗಿಸಬೇಕಾಗುತ್ತದೆ. ಅತ್ಯಂತ ಸರಳವಾದದ್ದು 40 ವ್ಯಾಟಿನ ತಂತಿಯ ಬಲ್ಬು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವಷ್ಟು ಬಿಸಿ ಕೊಡುವುದಿಲ್ಲ. ಬಲ್ಬಿನ ಬೆಳಕು ನಿದ್ದೆ ಕೆಡಿಸುವುದರಿಂದ ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಉತ್ತಮ, ಆದರೆ ಅದರ ಮೈ ಬಹಳ ಕಾಯುವುದರಿಂದ ಪಿಂಗಾಣಿ ಹೋಲ್ಡರ್‌ನಲ್ಲೇ ಹಾಕಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಯಾವುದೇ ಆಗಲಿ ಪಂಜರದ ಹೊರಗೆ, ತಂತಿಬಲೆಯ ಕವಚದೊಳಗೆ, ಒಂದು ಅಡಿಯಾದರೂ ದೂರದಲ್ಲಿರಬೇಕು. ಆ ಬದಿಯ ಕೌದಿಯನ್ನು ತೆಗೆದೇಬಿಡಬೇಕು. ಬಟ್ಟೆ ಬಲ್ಬಿಗೆ ತಾಗಿ ಬೆಂಕಿ ಹತ್ತುವ ಅಪಾಯ ಚಳಿಗಿಂತ ದೊಡ್ಡದು. ಬಿಸಿ ಪಂಜರದ ಒಂದೇ ತುದಿಗೆ ಬೀಳಲಿ. ಚಳಿಯಾದ ಹಕ್ಕಿ ಅತ್ತ ಸರಿಯುತ್ತದೆ, ಸೆಕೆಯಾದರೆ ಇತ್ತ ಬರುತ್ತದೆ. ನಿರ್ಧಾರವನ್ನು ಅದಕ್ಕೇ ಬಿಡುವುದು ಲೇಸು. ಎಲ್ಲವೂ ಬಿಸಿಯ ಬದಿಯಲ್ಲೇ ಒತ್ತೊತ್ತಾಗಿ ಕುಳಿತಿದ್ದರೆ ಶಾಖ ಸಾಲದು, ಕೊಕ್ಕು ತೆರೆದು ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಅತಿಯಾಗಿದೆ. ನಿಗದಿತ ತಾಪಕ್ಕೆ ತಾನೇ ಆರುವ ಥರ್ಮೋಸ್ಟಾಟ್ ಜೋಡಿಸಿದರೆ ರಾತ್ರಿ ಏಳುವ ಕೆಲಸ ತಪ್ಪುತ್ತದೆ.

ವಿದ್ಯುತ್ ಹೋಗುವ ರಾತ್ರಿಗಳಿಗಾಗಿ ಬಿಸಿನೀರಿನ ರಬ್ಬರ್ ಚೀಲ ಸಿದ್ಧವಿರಲಿ. ಅದನ್ನು ದಪ್ಪ ಟವೆಲಿನಲ್ಲಿ ಸುತ್ತಿ ಪಂಜರದ ಹೊರಬದಿಗೆ ಒರಗಿಸಿ ಮೇಲೆ ಕೌದಿ ಇಳಿಬಿಟ್ಟರೆ ಎರಡು–ಮೂರು ಗಂಟೆ ಬಿಸುಪು ಉಳಿಯುತ್ತದೆ.

ಕೋಣೆಯಲ್ಲಿ ಶೆಗಡಿ ಹಚ್ಚಿ ಕೆಂಡ ಇಡುವ ಪದ್ಧತಿ ಹಕ್ಕಿಗಳಿರುವ ಮನೆಯಲ್ಲಿ ಖಂಡಿತ ಸಲ್ಲದು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮನುಷ್ಯರೂ ಅದರಿಂದ ಸತ್ತಿದ್ದಾರೆ, ಹಕ್ಕಿಗಳು ಅವರಿಗಿಂತ ಮುಂಚೆ ಸಾಯುತ್ತವೆ. ಹಿಂದೆ ಕಲ್ಲಿದ್ದಲು ಗಣಿಗಳಿಗೆ ಕ್ಯಾನರಿಗಳನ್ನು ಒಯ್ಯುತ್ತಿದ್ದುದು ಇದೇ ಕಾರಣಕ್ಕೆ. ಸೊಳ್ಳೆಬತ್ತಿ, ಲೋಬಾನದ ಹೊಗೆ, ಸ್ಪ್ರೇಗಳೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೇಡ. ಸೊಳ್ಳೆ ಪರದೆಯನ್ನೇ ಪಂಜರದ ಮೇಲೆ ಇಳಿಬಿಟ್ಟರೆ ಗಾಳಿಯ ವೇಗವೂ ತುಸು ತಗ್ಗುತ್ತದೆ. ರೂಮ್ ಹೀಟರ್ ಕೊಳ್ಳುವುದಾದರೆ ಒಳಭಾಗಕ್ಕೆ ನಾನ್‌ಸ್ಟಿಕ್ ಲೇಪನ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಮೊದಲ ಎರಡು ದಿನ ಹಕ್ಕಿಗಳಿಲ್ಲದ ಕೋಣೆಯಲ್ಲಿ ಓಡಿಸಿ ಹೊಸ ವಾಸನೆಯನ್ನು ಕಳೆಯಬೇಕು.

ಐದನೆಯ ಹಂತ: ಕಾಳು, ನೀರು, ಬಿಸಿಲು

ಈ ವಿಷಯದಲ್ಲಿ ನಮ್ಮ ಜಿಲ್ಲೆಗಳು ಅದೃಷ್ಟವಂತ ಜಿಲ್ಲೆಗಳು. ನವಣೆ, ಸಜ್ಜೆ, ಬಿಳಿಜೋಳ, ಕುಸುಬಿ, ಗುರೆಳ್ಳು, ಅಗಸೆ ಎಲ್ಲವೂ ಇಲ್ಲಿನ ಸಂತೆಯಲ್ಲೇ ಸಿಗುತ್ತವೆ. ಬಡ್ಜರಿಗಾರ್ ಮತ್ತು ಫಿಂಚ್‌ಗಳಿಗೆ ನವಣೆಯನ್ನೇ ಮುಖ್ಯವಾಗಿಟ್ಟು, ಚಳಿಯ ಎರಡು ತಿಂಗಳು ಅದಕ್ಕೆ ತುಸು ಸಜ್ಜೆ ಮತ್ತು ಚಿಟಿಕೆ ಗುರೆಳ್ಳು ಸೇರಿಸಬಹುದು. ಕಾಕಟೀಲ್ ಮತ್ತು ಲವ್ ಬರ್ಡ್‌ಗಳಿಗೆ ದಿನಕ್ಕೆ ಹತ್ತು–ಹನ್ನೆರಡು ಕುಸುಬಿ ಕಾಳು ಸಾಕು. ಎಣ್ಣೆಕಾಳು ಮೈ ಬಿಸಿಮಾಡುತ್ತದೆಂದು ಬಟ್ಟಲು ತುಂಬ ಹಾಕಿದರೆ, ಹಾರಲು ಜಾಗವಿಲ್ಲದ ಹಕ್ಕಿಗೆ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಪ್ರಮಾಣಕ್ಕಿಂತ ವೇಳೆ ಮುಖ್ಯ: ದಿನದ ಹೆಚ್ಚುವರಿ ಕಾಳನ್ನು ಸಂಜೆ ಐದಕ್ಕೆ ಕೊಟ್ಟರೆ, ತಿಂದದ್ದು ಕೊರಳಚೀಲದಲ್ಲಿ ಉಳಿದು ರಾತ್ರಿ ನಿಧಾನವಾಗಿ ಕರಗುತ್ತ ಹೋಗುತ್ತದೆ. ಬಟ್ಟಲಿನಲ್ಲಿ ಕಾಣುವುದು ಕಾಳೋ ಬರಿ ಹೊಟ್ಟೋ ಎಂಬುದನ್ನು ಊದಿ ನೋಡಬೇಕು. ತುಂಬಿದ ಬಟ್ಟಲಿನ ಮುಂದೆ ಹಸಿದು ಸತ್ತ ಹಕ್ಕಿಗಳು ಕಡಿಮೆಯೇನಲ್ಲ.

ಮೆಂತ್ಯದ ಸೊಪ್ಪು, ಕೊತ್ತಂಬರಿ, ತುರಿದ ಗಜ್ಜರಿ (ಕ್ಯಾರೆಟ್) ಇವುಗಳನ್ನು ಬೆಳಿಗ್ಗೆ ನೀರು ಒರೆಸಿ ಕೊಡಬೇಕು. ಮೊಳಕೆಕಾಳು ಚಳಿಯಲ್ಲಿ ನಿಧಾನವಾಗಿ ಒಡೆಯುವುದರಿಂದ ಬೂಸು ಹಿಡಿಯುವ ಸಾಧ್ಯತೆ ಹೆಚ್ಚು, ಹುಳಿವಾಸನೆ ಬಂದರೆ ಚೆಲ್ಲಬೇಕು. ಸಂಕ್ರಾಂತಿಯ ಎಳ್ಳು–ಬೆಲ್ಲ, ಉಪ್ಪು ಹಾಕಿದ ಶೇಂಗಾ, ಚಹಾ, ‘ಎರಡು ಹನಿ ಬ್ರಾಂಡಿ’ ಇವಾವುವೂ ಹಕ್ಕಿಗಲ್ಲ. ಮದ್ಯ ಕ್ಷಣಕಾಲ ಬೆಚ್ಚಗೆನಿಸಿದರೂ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಬಿಸಿಯನ್ನು ಹೊರಗೆ ಬಿಡುತ್ತದೆ, ಅಲ್ಲದೆ ಹಕ್ಕಿಗೆ ಅದು ನೇರ ವಿಷ.

ಕುಡಿಯುವ ನೀರನ್ನು ಬೆಳಿಗ್ಗೆ ಚೆಲ್ಲಿ, ಕೈಗೆ ಬೆಚ್ಚಗೂ ಅಲ್ಲದ ತಣ್ಣಗೂ ಅಲ್ಲದ ನೀರು ತುಂಬಬೇಕು. ಸ್ನಾನ ನಿಲ್ಲಿಸುವ ಅಗತ್ಯವಿಲ್ಲ. ಒಣಹವೆಯಲ್ಲಿ ಗರಿಗಳು ಪೆಡಸಾಗುತ್ತವೆ, ಚರ್ಮ ಕೆರೆಯುತ್ತದೆ. ವಾರಕ್ಕೆರಡು ದಿನ, ಹನ್ನೊಂದರಿಂದ ಒಂದು ಗಂಟೆಯೊಳಗೆ, ಅಗಲ ಬಟ್ಟಲಿನಲ್ಲಿ ನೀರಿಟ್ಟು ನಾಲ್ಕರೊಳಗೆ ಗರಿ ಪೂರ್ತಿ ಒಣಗುವಂತೆ ನೋಡಿಕೊಂಡರೆ ಆಯಿತು. ಸೋಪು, ಎಣ್ಣೆ ಬೇಡ. ಬಾಲದ ಬುಡದ ಗ್ರಂಥಿಯಿಂದ ಹಕ್ಕಿ ತಾನೇ ಎಣ್ಣೆ ತೆಗೆದು ಗರಿಗಳಿಗೆ ಹಚ್ಚಿಕೊಳ್ಳುತ್ತದೆ.

ಬೆಳಿಗ್ಗೆ ಎಂಟೂವರೆಯ ನಂತರ ಪಂಜರವನ್ನು ಅಂಗಳದ ಬಿಸಿಲಿಗೆ ಒಯ್ದು, ಅರ್ಧಭಾಗ ನೆರಳಲ್ಲಿರುವಂತೆ ಒಂದು ಗಂಟೆ ಇಡುವುದು ಹೀಟರಿಗಿಂತ ಹೆಚ್ಚು ಉಪಕಾರಿ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಬಿಸಿ ಕೊಡುತ್ತದೆಯೇ ಹೊರತು, ಡಿ ಜೀವಸತ್ವ ಹುಟ್ಟಲು ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಬೆಕ್ಕು, ಕಾಗೆಗಳ ಮೇಲೆ ಕಣ್ಣಿರಲಿ.

ಮೊಟ್ಟೆ–ಮರಿಗಳಿದ್ದರೆ

ಡಿಸೆಂಬರ್ ಮತ್ತು ಜನವರಿಯಲ್ಲಿ ಜೋಡಿ ಕಟ್ಟದಿರುವುದೇ ಉತ್ತಮ. ಗೂಡಿನ ಗಡಿಗೆಗಳನ್ನು ನವೆಂಬರಿನಲ್ಲೇ ತೆಗೆದಿಟ್ಟರೆ ಹಕ್ಕಿಗಳು ತಾವಾಗಿ ವಿರಾಮ ಪಡೆಯುತ್ತವೆ. ಚಳಿ ಮತ್ತು ಸುಣ್ಣಾಂಶದ ಕೊರತೆ ಜೊತೆಯಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹೆಣ್ಣು ತಳದಲ್ಲಿ ಮೈ ಉಬ್ಬಿಸಿ ಕುಳಿತು ಮುಕ್ಕಿರಿಯುತ್ತಿದ್ದರೆ 30 ಡಿಗ್ರಿಯ ಬೆಚ್ಚನೆಯ, ತುಸು ತೇವದ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು, ಹೊಟ್ಟೆ ಒತ್ತಬಾರದು. ಸುಣ್ಣಾಂಶಕ್ಕಾಗಿ, ಆಯುರ್ವೇದದ ಅಂಗಡಿಯಲ್ಲಿ ಸಮುದ್ರ ನೊರೆ ಎಂದು ಮಾರುವ ಬಿಳಿ ತುಂಡು (ಕಟಲ್‌ಫಿಶ್‌ನ ಒಳಚಿಪ್ಪು) ವರ್ಷವಿಡೀ ಪಂಜರದಲ್ಲಿರಲಿ. ಈಗಾಗಲೇ ಮೊಟ್ಟೆಯಿಟ್ಟಿದ್ದರೆ ಗೂಡನ್ನು ಕದಲಿಸದೆ, ಗಡಿಗೆಯ ಹೊರಮೈಗೆ ಗೋಣಿ ಸುತ್ತಿ, ಬಾಯಿಯನ್ನು ಮಾತ್ರ ತೆರೆದಿಡಬೇಕು.

ಕಾಯಿಲೆಯ ಗುರುತು

ರಾತ್ರಿ ಮೈ ಉಬ್ಬಿಸಿಕೊಳ್ಳುವುದು ಸಹಜ, ಬಿಸಿಲೇರಿದ ಹತ್ತು ಗಂಟೆಗೂ ಹಾಗೆಯೇ ಇದ್ದರೆ ಸಹಜವಲ್ಲ. ಒಂಟಿಕಾಲಿನಲ್ಲಿ ನಿದ್ದೆ ಮಾಡುವ ಹಕ್ಕಿಯನ್ನು ಕಂಡು ಹೆದರಬೇಕಾಗಿಲ್ಲ. ಎರಡೂ ಕಾಲೂರಿ, ಹಗಲಿನಲ್ಲಿ ಕಣ್ಣು ಮುಚ್ಚಿ, ಉಸಿರಿನೊಂದಿಗೆ ಬಾಲ ಮೇಲೆ ಕೆಳಗೆ ಆಡಿಸುವುದನ್ನು ಕಂಡರೆ ತಡಮಾಡಬಾರದು. ಕಾಯಿಲೆಯನ್ನು ಅಡಗಿಸುವುದು ಹಕ್ಕಿಯ ಸ್ವಭಾವವಾದ್ದರಿಂದ ವಾರಕ್ಕೊಮ್ಮೆ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗುವುದು ಒಳ್ಳೆಯದು; ಹತ್ತನೇ ಒಂದು ಭಾಗ ಇಳಿದಿದ್ದರೆ ಅದು ಎಚ್ಚರಿಕೆ. ಅಂಥ ಹಕ್ಕಿಯನ್ನು ಬೇರೆ ಮಾಡಿ, ರಟ್ಟಿನ ಪೆಟ್ಟಿಗೆಯಲ್ಲಿ ಗಾಳಿಗೆ ತೂತುಗಳನ್ನು ಕೊರೆದು, ಒಂದು ಬದಿಗೆ ಬಿಸಿನೀರಿನ ಚೀಲವಿಟ್ಟು ಒಳಗೆ 28ರಿಂದ 30 ಡಿಗ್ರಿ ಕಾಯ್ದುಕೊಂಡು ಪಶು ಆಸ್ಪತ್ರೆಗೆ ಒಯ್ಯಬೇಕು. ಬಾಯಿಗೆ ನೀರು ಹಿಂಡಬಾರದು, ಉಸಿರುನಾಳಕ್ಕೆ ಇಳಿಯುತ್ತದೆ. ಕೋಳಿಗೆಂದು ಮಾರುವ ಔಷಧದ ಪುಡಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸುವುದೂ ಬೇಡ. ಬೈಕಿನಲ್ಲಿ ಒಯ್ಯುವುದಾದರೆ ಪೆಟ್ಟಿಗೆ ಹಿಂದೆ ಕುಳಿತವರ ಮಡಿಲಲ್ಲಿ, ಶಾಲಿನ ಒಳಗೆ ಇರಲಿ.

ಚಳಿ ಇಳಿಯುವಾಗ

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆಂಬ ಮಾತಿದ್ದರೂ ಹೊದಿಕೆಯನ್ನು ಒಂದೇ ದಿನ ಕಳಚಬಾರದು. ಫೆಬ್ರವರಿಯ ನಡುವಿನಿಂದ, ಕನಿಷ್ಠ ಅಂಕಿ 15 ದಾಟಿದ ಮೇಲೆ, ಮೊದಲು ಶಾಖ, ಆಮೇಲೆ ಪಕ್ಕದ ಹೊದಿಕೆ, ಕೊನೆಗೆ ಹಿಂಬದಿ ಎಂಬ ಕ್ರಮದಲ್ಲಿ ವಾರಕ್ಕೊಂದರಂತೆ ತೆಗೆಯಬೇಕು. ಅಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಇನ್ನೊಂದು ಬಗೆಯ ಚಿಂತೆಯನ್ನು ತಂದಿರುತ್ತದೆ. ಕೌದಿಯನ್ನು ಕುದಿನೀರಿನಲ್ಲಿ ನೆನೆಸಿ ಒಗೆದು, ಎರಡು ದಿನ ಮಾಳಿಗೆಯ ಮೇಲೆ ಒಣಗಿಸಿ, ಒಣಬೇವಿನ ಎಲೆಗಳ ನಡುವೆ ಮಡಚಿಡಬೇಕು. ಡಾಂಬರು ಗುಳಿಗೆ ಹಾಕಬಾರದು. ಅದರ ಘಾಟು ಬಟ್ಟೆಯಲ್ಲಿ ಮುಂದಿನ ಚಳಿಗಾಲದವರೆಗೂ ಉಳಿದು, ಹೊದಿಸಿದ ಮೊದಲ ರಾತ್ರಿಯೇ ಹಕ್ಕಿಯ ಉಸಿರಿಗೆ ಸೇರುತ್ತದೆ.